ಕಾರೆಕಾಯಿ ಅರೆದ ಮುಳ್ಳಕ್ಕ

ಒಂದು ಕಾಡಿನಲ್ಲಿ, ಹೊಳೆ ಬಂದು ನಿಲ್ಲುವ ಆಳವಾದ ಮಡುವಿನ ಈಚೆ ದಡದಲ್ಲಿ, ಮುಳ್ಳಕ್ಕ ಎಂಬ ಮುಳ್ಳುಹಂದಿ ಇದ್ದಳು. ಆ ದಡಕ್ಕೆಲ್ಲ ಮದ್ದು ಕೊಡುವವಳು ಅವಳೊಬ್ಬಳೇ. ಯಾವ ಬೇರು ಹೊಟ್ಟೆನೋವಿಗೆ, ಯಾವ ತೊಗಟೆ ಗಾಯಕ್ಕೆ, ಯಾವ ಎಲೆ ತಿಂದರೆ ನಾಲಿಗೆ ಊದುತ್ತದೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತಾಯಿತು ಅಂತೀರಾ? ಏನೇ ಸಿಕ್ಕಲಿ, ಮೊದಲು ತನ್ನ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದಳು. ಹತ್ತು ಉಸಿರು ಎಣಿಸಿ ಥೂ ಎಂದು ಉಗಿಯುತ್ತಿದ್ದಳು. ತಾನು ರುಚಿ ನೋಡದ ಮದ್ದನ್ನು ಇನ್ನೊಬ್ಬರ ಬಾಯಿಗೆ ಹಾಕಿದವಳೇ ಅಲ್ಲ. ಅಷ್ಟು ನಿಯತ್ತಿನ ಹೆಂಗಸು.

ಅವಳ ಜೀವದ ಗೆಳತಿ ಹೊನ್ನಿ ಎಂಬ ನೀರುನಾಯಿ. ಹೊನ್ನಿಯ ಮನೆ ಮಡುವಿನ ಅಂಚಿನ ಬೇರಿನ ಸಂದಿಯಲ್ಲಿ. ಅವಳು ನೀರಿನ ತಳಕ್ಕೆ ಮುಳುಗಿ ತಾವರೆ ಗಡ್ಡೆ ಕಿತ್ತು ತಂದು ಮುಳ್ಳಕ್ಕನಿಗೆ ಕೊಡುವಳು. ಮುಳ್ಳಕ್ಕ ಅದನ್ನು ಕಟುಮ್ ಕಟುಮ್ ಎಂದು ಕಡಿಯುತ್ತ ಊರ ಸುದ್ದಿ ಹೇಳುವಳು. ಹೊನ್ನಿಗೆ ಮೂರು ಮರಿಗಳಾದವು. ಕೊನೆಯದಕ್ಕೆ ಮೈತುಂಬ ಕಜ್ಜಿ. ಕೆರೆದು ಕೆರೆದು ಪಾಪದ ಮರಿ ಹಾಲು ಕುಡಿಯುವುದನ್ನೇ ಬಿಟ್ಟಿತು. ಮುಳ್ಳಕ್ಕ ಹುಡುಕಾಡಿ, ಮುಳ್ಳುಗಿಡದಲ್ಲಿ ಬಿಡುವ ಲಿಂಬೆಹಣ್ಣಿನಷ್ಟು ದಪ್ಪದ ಕಾರೆಕಾಯಿ ತಂದಳು. ಅರ್ಧ ಕಾಯಿಯನ್ನು ಕಲ್ಲಿನ ಮೇಲೆ ಅರೆದು ತೆಳ್ಳಗೆ ಹಚ್ಚಿದಳು. ನಾಲ್ಕು ದಿನಕ್ಕೆ ಕಜ್ಜಿ ಉದುರಿಹೋಯಿತು. ಮರಿ ಅಮ್ಮನ ಬೆನ್ನು ಹತ್ತಿ ಆಡತೊಡಗಿತು. ಮುಳ್ಳಕ್ಕನಿಗೆ ಆದ ಸಂತೋಷ ಹೇಳತೀರದು.

ಆದರೆ ಅರೆದ ಕಲ್ಲನ್ನು ಅವಳು ಪಕ್ಕದ ಸಣ್ಣ ಗುಂಡಿಯಲ್ಲಿ ತೊಳೆದಿದ್ದಳು. ಆ ಗುಂಡಿಯ ಮೀನುಗಳೆರಡು ಹೊಟ್ಟೆ ಮೇಲಾಗಿ ತೇಲಿದವು. ಇದನ್ನು ಪೊದೆಯಿಂದ ಒಬ್ಬ ನೋಡಿದ. ಅವನೇ ಕೆಂಚಪ್ಪ, ನರಿ. ವಾಸಿಯಾದ ಮರಿ ಅವನ ಕಣ್ಣಿಗೆ ಬೀಳಲೇ ಇಲ್ಲ. ಸತ್ತ ಮೀನು ಮಾತ್ರ ಬಿತ್ತು.

ಕೆಂಚಪ್ಪ ನೆಟ್ಟಗೆ ಕಾಟಿ ಗೌಡರ ಹತ್ತಿರ ಹೋದ. ಗೌಡರೆಂದರೆ ಈಚೆ ದಡದ ಯಜಮಾನರು, ಬಂಡೆಯಂಥ ಕಾಟಿ, ಕಾಡುಕೋಣ. ಮೈ ಎಷ್ಟು ದೊಡ್ಡದೋ ಜೀವ ಅಷ್ಟೇ ಪುಕ್ಕಲು. ಅದರಲ್ಲೂ ಆ ವರ್ಷ ಅವರಿಗೊಂದು ಕರು ಹುಟ್ಟಿತ್ತು. ಎಲೆ ಅಲುಗಿದರೂ ಕರುವನ್ನು ಹೊಟ್ಟೆಯಡಿಗೆ ಎಳೆದುಕೊಳ್ಳುತ್ತಿದ್ದರು. ಆಚೆ ದಡದಲ್ಲಿ ಕೆನ್ನಾಯಿಗಳ, ಅಂದರೆ ಕೆಂಪು ಕಾಡುನಾಯಿಗಳ ಗುಂಪಿತ್ತು, ಆ ಭಯ. ಕೆಂಚಪ್ಪ ಅವರ ಕಿವಿಯ ಹತ್ತಿರ ಬಂದು, ಕೆನ್ನಾಯಿಗಳು ಕಾರೆಕಾಯಿ ಗುಡ್ಡೆ ಹಾಕುತ್ತಿವೆ, ನಮ್ಮ ದಡದ ನೀರಿಗೆ ಹಾಕುವ ಸಂಚು ಮಾಡಿವೆ ಎಂದ. ಅವು ಹಾಕುವ ಮೊದಲು ನಮ್ಮ ಹತ್ತಿರವೂ ಒಂದು ಗುಡ್ಡೆ ಇರಲಿ, ಇದೆ ಎಂದು ಗೊತ್ತಾದರೆ ಸಾಕು, ಅವು ಬಾಲ ಮುದುರಿಕೊಂಡು ಇರುತ್ತವೆ ಎಂದ. ಗೌಡರು ಕರುವಿನ ಮುಖ ನೋಡಿದರು. ಆಗಲಿ ಎಂದು ತಲೆಯಾಡಿಸಿದರು.

ಮುಳ್ಳಕ್ಕನಿಗೆ ಕರೆ ಬಂತು. ಮೊದಲು ಅವಳು ಒಪ್ಪಲಿಲ್ಲ. ನಾನು ವಾಸಿ ಮಾಡುವವಳು, ಇದೆಲ್ಲ ನನಗೆ ಬೇಡ ಎಂದಳು. ಕೆಂಚಪ್ಪ ಬೆಣ್ಣೆಯಂಥ ಮಾತು ತೆಗೆದ. ಕಾಡಿನಲ್ಲಿ ಇಷ್ಟು ತಿಳಿದವರು ಇನ್ನು ಯಾರಿದ್ದಾರೆ ಅಕ್ಕಯ್ಯ, ಅರ್ಧ ಕಾಯಿಗೆ ಒಂದು ಗುಂಡಿಯಾದರೆ ಇಡೀ ಮಡುವಿಗೆ ಎಷ್ಟು ಬೇಕು ಎಂದು ನಿನ್ನನ್ನು ಬಿಟ್ಟರೆ ಯಾರು ಹೇಳಬಲ್ಲರು ಎಂದ. ಆ ಮಾತು ಒಳಗೆ ಹೋಗಿ ಕೂತುಬಿಟ್ಟಿತು. ನಿಜ ಹೇಳಬೇಕೆಂದರೆ, ಆ ಲೆಕ್ಕ ತಿಳಿಯಬೇಕೆಂಬ ಆಸೆ ಅವಳಿಗೂ ಇತ್ತು. ತಿಳಿದವರಿಗೆ ಇರುವ ಹುಚ್ಚೇ ಅದು. ಎಷ್ಟು ಎಂಬುದು ತಿಳಿಯುವವರೆಗೆ ನಿದ್ದೆ ಬರುವುದಿಲ್ಲ. ಏತಕ್ಕೆ ಎಂದು ಕೇಳುವುದು ಮರೆತೇಹೋಗುತ್ತದೆ.

ಹೊನ್ನಿ ಒಮ್ಮೆ ಕೇಳಿದಳು, ಇಷ್ಟೊಂದು ಯಾರಿಗೆ ಅಂತ ಅರೆಯುತ್ತಿದ್ದೀಯ ಅಕ್ಕ ಎಂದು. ಮುಳ್ಳಕ್ಕ ತಲೆ ಎತ್ತಲೂ ಇಲ್ಲ.

"ಅರೆಯೋದು ನನ್ನ ಕೆಲಸ ಕಣೇ. ಹಾಕೋದು ಬಿಡೋದು ಗೌಡರ ಕೆಲಸ" ಎಂದಳು.

ಮಳೆಗಾಲದಲ್ಲಿ ಶುರುವಾದ ಅರೆತ ಚಳಿಗಾಲ ಮುಗಿದರೂ ನಿಲ್ಲಲಿಲ್ಲ. ಮುಳ್ಳಕ್ಕನ ಅಂಗೈ ಸುಲಿದು ಕೆಂಪಾಯಿತು. ಅರೆದು ಒಣಗಿಸಿದ ಪುಡಿಯನ್ನು ಮಡುವಿನ ಮೇಲಿನ ಒಂದು ಗವಿಯಲ್ಲಿ ತುಂಬಿಸಿದರು. ಅದಕ್ಕೆ ಕಾವಲು ಯಾರು? ಇನ್ನಾರು, ಕೆಂಚಪ್ಪನೇ. ಅಲ್ಲಿಂದ ಅವನ ಭಾಗ್ಯ ತೆರೆಯಿತು. ಗವಿಯ ಮುಂದೆ ಹಾದುಹೋಗುವವರೆಲ್ಲ ಹೆದರಿ ಹೆದರಿ ಅವನಿಗೆ ಏಡಿಯನ್ನೋ ಹಣ್ಣನ್ನೋ ಇಟ್ಟು ಹೋಗುವರು. ಅವನು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಪುಡಿಯ ಗುಡ್ಡೆಯ ಮೇಲೆ ನಾಲ್ಕು ಎಲೆ ಹಾಸಿಕೊಂಡು ಅಲ್ಲೇ ಮಲಗುತ್ತಿದ್ದ. ಅದರ ಮೇಲೆ ಮಲಗಬೇಡಪ್ಪ, ಚರ್ಮಕ್ಕೆ ಇಳಿಯುತ್ತದೆ ಎಂದು ಮುಳ್ಳಕ್ಕ ಎರಡು ಸಲ ಹೇಳಿದಳು. ನನಗೇ ಬುದ್ಧಿ ಹೇಳಬೇಡ ಎಂದು ಅವನು ಮಗ್ಗುಲು ಬದಲಿಸಿದ.

ಗೌಡರಿಗೆ ಒಂದೇ ಅನುಮಾನ. ಆಚೆ ದಡದ ನೀರಿಗೆ ಹಾಕಿದರೆ ಈಚೆಗೆ ಬಾರದೆ? ಮುಳ್ಳಕ್ಕ ಅದನ್ನೂ ನೋಡಿಟ್ಟಿದ್ದಳು. ಶ್ರಾವಣದಲ್ಲಿ ಒಂದು ಕಾಯಿಯನ್ನು ಜಜ್ಜಿ ಆಚೆಯ ನೀರಿಗೆ ಬಿಟ್ಟು, ಹೊತ್ತು ಹೊತ್ತಿಗೆ ನಾಲಿಗೆ ಮುಟ್ಟಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಕಹಿಯೇ ಇರಲಿಲ್ಲ. ಹೊಳೆ ಕೊಚ್ಚಿಕೊಂಡು ಹೋಗುತ್ತದೆ, ನಮ್ಮ ದಡಕ್ಕೆ ಬರುವುದಿಲ್ಲ ಎಂದು ಅವಳು ಗೌಡರಿಗೆ ಮಾತು ಕೊಟ್ಟಳು. ತನ್ನ ನಾಲಿಗೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಬೇಸಿಗೆ ಕಾಲಿಟ್ಟಿತು. ಹೊಳೆ ಹರಿಯುವುದು ನಿಂತಿತು. ಕೆಂಚಪ್ಪ, ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದು ಗಂಟುಬಿದ್ದ. ಮಡುವಿನಿಂದ ಹತ್ತು ಹೆಜ್ಜೆ ದೂರ, ಮರಳಿನ ನಡುವೆ ಒಂದು ಹೊಂಡವಿತ್ತು. ಒಂದು ಸಂಜೆ ಎಲ್ಲರೂ ನೋಡುತ್ತಿರುವಾಗ ಅದಕ್ಕೆ ಎರಡು ಹಿಡಿ ಪುಡಿ ಹಾಕಿದರು. ನೀರು ನೊರೆ ಕಟ್ಟಿತು. ಸ್ವಲ್ಪ ಹೊತ್ತಿಗೆ ಮೀನು, ಕಪ್ಪೆ, ಏಡಿ, ಒಂದೂ ಬಿಡದೆ ಎಲ್ಲವೂ ತೇಲಿದವು. ಕೆಲವರು ಕೇಕೆ ಹಾಕಿದರು. ಲೆಕ್ಕ ಸರಿಬಂದಿತೆಂದು ಮುಳ್ಳಕ್ಕನ ಮನಸ್ಸೂ ಒಂದು ಗಳಿಗೆ ಹಿಗ್ಗಿತು. ಮರುಗಳಿಗೆಗೇ ತೇಲಿದ ಕಪ್ಪೆಗಳಿಂದ ಮುಖ ತಿರುಗಿಸಿದಳು. ಅವಳು ಯಾರಿಗೂ ಹೇಳದೆ ಬಿಲಕ್ಕೆ ಹೋಗಿ ಮುದುಡಿ ಕೂತಳು.

ಬೆಳಿಗ್ಗೆ ಹೊನ್ನಿ ಬಂದಳು. ಬಾಯಲ್ಲಿ ಕೊನೆಯ ಮರಿ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮಡುವಿನ ಅಂಚಿನಲ್ಲಿ ತೇಲುತ್ತಿದ್ದ ಒಂದು ಮೀನನ್ನು ತಿಂದಿತಂತೆ. ಮುಳ್ಳಕ್ಕ ಮರಿಯ ಬಾಯಿ ಮೂಸಿ ನೋಡಿದಳು, ಕಾರೆಕಾಯಿಯ ವಾಸನೆ. ಮಡುವಿಗೆ ಅವಳು ಒಂದು ಚಿಟಿಕೆಯನ್ನೂ ಹಾಕಿರಲಿಲ್ಲ. ಹಾಕಿದ್ದು ಹೊಂಡಕ್ಕೆ.

ಯೋಚಿಸಲು ಆಗ ಹೊತ್ತಿರಲಿಲ್ಲ. ಗರಿಕೆ ಜಗಿದು ರಸ ಹಿಂಡಿ ಮರಿಯ ಬಾಯಿಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ಬೆಚ್ಚಗಿರಲೆಂದು ಮುಳ್ಳಿಲ್ಲದ ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಎರಡು ದಿನ ಅವಳು ಕದಲಲಿಲ್ಲ. ಮೂರನೆಯ ಬೆಳಿಗ್ಗೆ ಮರಿ ಕಣ್ಣು ಬಿಟ್ಟು ಕುಯ್ ಎಂದಿತು. ಹೊನ್ನಿ ಅದನ್ನು ನೆಕ್ಕಿ ನೆಕ್ಕಿ ಹಾಲಿಗೆ ಹಾಕಿಕೊಂಡಳು. ಅದು ಕುಡಿಯಿತು. ಆಮೇಲೆ ಹೊನ್ನಿ ಗೆಳತಿಯ ಕಡೆ ತಿರುಗಿದಳು.

"ನಾನು ನಿನ್ನನ್ನ ಬೈಯೋಲ್ಲ ಅಕ್ಕ. ನಾಳೆಯಿಂದ ನನ್ನ ಮಕ್ಕಳು ಎಲ್ಲಿ ನೀರು ಕುಡೀಬೇಕು, ಅದೊಂದು ಹೇಳು ಸಾಕು."

ಮುಳ್ಳಕ್ಕ ಬಿಲದಿಂದ ಎದ್ದು ಹೊರಟಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಹೊಂಡದ ಹತ್ತಿರ ಹೋಗಿ ಮರಳು ಬಗೆದಳು. ಹೊಂಡಕ್ಕೂ ಮಡುವಿಗೂ ನಡುವಿನ ಹತ್ತು ಹೆಜ್ಜೆಯಲ್ಲಿ ಎಲ್ಲಿ ಬಗೆದರೂ ಕೆಳಗೆ ತೇವ. ನಾಲಿಗೆಯ ತುದಿ ಮುಟ್ಟಿಸಿದಳು. ಕಹಿ. ಆಗ ಅವಳಿಗೆ ತನ್ನ ತಪ್ಪು ಗೊತ್ತಾಯಿತು. ಶ್ರಾವಣದ ಹರಿಯುವ ನೀರಿನಲ್ಲಿ ನೋಡಿದ್ದನ್ನು ಅವಳು ಬೇಸಿಗೆಯ ನಿಂತ ನೀರಿಗೂ ಹೇಳಿಬಿಟ್ಟಿದ್ದಳು. ಈಗ ಕೊಚ್ಚಿಕೊಂಡು ಹೋಗಲು ಹೊಳೆಯೇ ಇಲ್ಲ. ಮರಳಿನಡಿಯಲ್ಲೇ ಹರಿಯುವ ವಿಷ, ತೆರೆದ ಮಡುವಿನಲ್ಲಿ ಆಚೆಯಿಂದ ಈಚೆಗೆ ಬಾರದೆ ಇರುತ್ತದೆಯೇ? ದಡ ಎರಡು ಇರಬಹುದು, ನೀರು ಒಂದೇ.

ಓಡೋಡಿ ಗವಿಗೆ ಬಂದಳು. ಗೌಡರೂ ಅಲ್ಲೇ ಇದ್ದರು. ನನ್ನ ಲೆಕ್ಕ ತಪ್ಪು, ಇದನ್ನು ಹಾಕಿದರೆ ನಾವೂ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದಳು. ಗೌಡರು ಕಕ್ಕಾಬಿಕ್ಕಿಯಾದರು. ಕೆಂಚಪ್ಪ ಮಾತ್ರ ನಕ್ಕ. ನಾಳೆ ಹೊತ್ತು ನೆತ್ತಿಗೆ ಬಂದಾಗ ಕೆನ್ನಾಯಿಗಳು ನೀರು ಕುಡಿಯಲು ಬರುತ್ತವೆ, ನಾಳೆಯೇ ಹಾಕುವುದೆಂದು ತೀರ್ಮಾನವಾಗಿದೆ, ನಾವು ತಡ ಮಾಡಿದರೆ ಅವು ಹಾಕುತ್ತವೆ ಎಂದ. ಗೌಡರು ಮತ್ತೆ ಕರುವಿನ ಕಡೆ ನೋಡಿ ತಲೆಯಾಡಿಸಿದರು.

"ಅರೆಯೋದು ನಿನ್ನ ಕೆಲಸ ಅಂದಿದ್ದೆಯಲ್ಲ ಅಕ್ಕಯ್ಯ. ನಿನ್ನ ಕೆಲಸ ಮುಗೀತು, ಮನೆಗೆ ಹೋಗು" ಎಂದ ಕೆಂಚಪ್ಪ.

ತನ್ನ ಮಾತೇ ತನ್ನ ಮುಖಕ್ಕೆ ಬಂದು ಬಡಿಯಿತು. ಮುಳ್ಳಕ್ಕ ಮನೆಗೆ ಹೋಗಲಿಲ್ಲ. ಮುಳ್ಳುಹಂದಿ ಹಗಲು ಮಲಗುವ ಪ್ರಾಣಿ, ಆದರೂ ಆ ಸುಡುಬಿಸಿಲಿನಲ್ಲಿ ಅವಳು ಬಂಡೆಯಿಂದ ಬಂಡೆಗೆ ದಾಟಿ ಆಚೆ ದಡಕ್ಕೆ ಹೊರಟಳು. ಹೆದರಿಕೆ ಇರಲಿಲ್ಲವೆ? ಇತ್ತು, ಆದರೆ ಹಿಂತಿರುಗಿ ನೋಡಲಿಲ್ಲ. ಕೆನ್ನಾಯಿಗಳು ಸುತ್ತುಗಟ್ಟಿದವು. ಅವಳು ಒಂದು ಮುಳ್ಳನ್ನೂ ಎಬ್ಬಿಸಲಿಲ್ಲ. ತಿನ್ನುವುದಾದರೆ ಆಮೇಲೆ ತಿನ್ನಿ, ಮೊದಲು ನಿಮ್ಮಲ್ಲಿ ಕಾರೆಕಾಯಿ ಅರೆಯುವವರು ಯಾರೋ ಅವರ ಹತ್ತಿರ ಕರೆದುಕೊಂಡು ಹೋಗಿ ಎಂದಳು. ಮುಳ್ಳು ಮಲಗಿಸಿಕೊಂಡು ಬಂದ ಮುಳ್ಳುಹಂದಿಯನ್ನು ಅವು ಕಂಡೇ ಇರಲಿಲ್ಲ. ಒಂದರ ಮುಖ ಒಂದು ನೋಡಿಕೊಂಡು ದಾರಿ ಬಿಟ್ಟವು.

ಆಚೆ ದಡದಲ್ಲಿ ಅರೆಯುತ್ತಿದ್ದದ್ದು ಜಡೆಯಜ್ಜ ಎಂಬ ಮುದಿ ಕರಡಿ. ಅಲ್ಲಿಯ ಮರಿಗಳಿಗೆ ಜೇನು ಕಲಸಿ ಕೆಮ್ಮಿನ ಮದ್ದು ಕೊಡುತ್ತಿದ್ದ ಅಜ್ಜ. ಮುಳ್ಳಕ್ಕನನ್ನು ಕಂಡವನೇ ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅವಳು ಏನೂ ಹೇಳದೆ ತನ್ನ ಅಂಗೈಗಳನ್ನು ತೆರೆದು ತೋರಿಸಿದಳು. ಸುಲಿದು, ಬಿರಿದು, ಕೆಂಪಾಗಿದ್ದ ಅಂಗೈ. ಅಜ್ಜ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ತನ್ನ ಕೈಗಳನ್ನು ಮುಂದೆ ತಂದ. ಅವೂ ಹಾಗೇ ಇದ್ದವು. ಕೂದಲೆಲ್ಲ ಉದುರಿ ಹಸಿ ಹುಣ್ಣಾಗಿತ್ತು.

"ನಿನಗೂ ಉರಿಯುತ್ತಾ ಮಗಳೇ?" ಎಂದು ಕೇಳಿದ.

ಮುಳ್ಳಕ್ಕ ಅತ್ತುಬಿಟ್ಟಳು. ಅಜ್ಜನ ಕಣ್ಣಲ್ಲೂ ನೀರು ತುಂಬಿತು. ಇಷ್ಟು ದಿನ ಆಚೆ ಯಾರೋ ರಾಕ್ಷಸ ಕೂತು ವಿಷ ಅರೆಯುತ್ತಿದ್ದಾನೆ ಎಂದು ಇಬ್ಬರೂ ತಿಳಿದಿದ್ದರು. ಕೂತು ಮಾತಾಡಿದಾಗ ಎಲ್ಲ ಹೊರಗೆ ಬಂತು. ಆಚೆ ದಡದವರು ಅರೆಯಲು ಶುರುಮಾಡಿದ್ದೇ ಈಚೆಯವರು ಶುರುಮಾಡಿದ ಮೇಲೆ. ಕೆಂಪು ಮೈಯ ನರಿಯೊಬ್ಬ ಮಳೆಗಾಲದಲ್ಲಿ ಈಜಿ ಬಂದು, ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ ಎಂದು ಸುದ್ದಿ ಕೊಟ್ಟು ಹೋಗಿದ್ದನಂತೆ. ಒಬ್ಬನೇ ನರಿ ಎರಡು ದಡವನ್ನೂ ಹೆದರಿಸಿಟ್ಟಿದ್ದ. ಭಯ ಇರುವವರೆಗೆ ತಾನೇ ಅವನಿಗೆ ಕಾವಲುಗಾರಿಕೆ, ಕಾವಲುಗಾರಿಕೆ ಇರುವವರೆಗೆ ತಾನೇ ಕೂತಲ್ಲಿಗೆ ಊಟ?

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕಣ್ಣಿಗೇ ತೋರಿಸಬೇಕು ಎಂದ ಅಜ್ಜ. ಆಗ ಕಾಡಿನ ತುಂಬ ಮುತ್ತುಗ ಹೂಬಿಟ್ಟಿತ್ತು. ಅದರ ಹೂವನ್ನು ಹಿಸುಕಿದರೆ ನೀರು ಕೇಸರಿಯಾಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಕೆನ್ನಾಯಿಗಳನ್ನು ಒಪ್ಪಿಸಲು ಅಜ್ಜನಿಗೆ ಸಾಕುಸಾಕಾಯಿತು. ಕೊನೆಗೆ ಅವೂ ಬಾಯಿಗೆ ಕಚ್ಚಿ ರಾಶಿ ರಾಶಿ ಹೂ ತಂದು ಹಾಕಿದವು. ಬೆಳಗಾಗುತ್ತಿದ್ದಂತೆ ಅಜ್ಜ ಆಚೆ ದಡದ ನೀರಿನಲ್ಲಿ ನಿಂತು ಹೂಗಳನ್ನು ಹಿಸುಕಿ ಹಿಸುಕಿ ಬಿಟ್ಟ.

ಹೊತ್ತು ನೆತ್ತಿಗೆ ಬಂತು. ಈಚೆ ದಡದಲ್ಲಿ ಗೌಡರೂ ಅವರ ಬಳಗವೂ ಬಂದು ನಿಂತಿದ್ದರು. ಪುಡಿ ಇನ್ನೂ ಗವಿಯಿಂದ ಹೊರಗೆ ಬಂದಿರಲಿಲ್ಲ. ಕೆಂಚಪ್ಪ ಎಲ್ಲರ ಮುಂದೆ ನಿಂತು, ಇವತ್ತಿಗೆ ಕೆನ್ನಾಯಿಗಳ ಕಾಟ ತೀರಿತು ಎನ್ನುತ್ತಿದ್ದ. ಅಷ್ಟರಲ್ಲಿ ಬಾಯಾರಿದ ಗೌಡರ ಕರು ನೀರಿಗೆ ಮೂತಿ ಇಟ್ಟಿತು. ತಲೆ ಎತ್ತಿದಾಗ ಅದರ ಮೂತಿಯೆಲ್ಲ ಕೇಸರಿ. ಗೌಡರು ಬೆಚ್ಚಿಬಿದ್ದು ಅದನ್ನು ಹಿಂದಕ್ಕೆ ಎಳೆದರು. ಮಡುವಿನ ನೀರು ಆಚೆಯಿಂದ ಈಚೆಯವರೆಗೆ ಬಣ್ಣವಾಗಿತ್ತು.

ನಡುಬಂಡೆಯ ಮೇಲೆ ಮುಳ್ಳಕ್ಕ ನಿಂತಿದ್ದಳು.

"ಹೆದರಬೇಡಿ ಗೌಡರೇ, ಅದು ಮುತ್ತುಗದ ಹೂವು. ಆಚೆ ದಡದಲ್ಲಿ ಹಾಕಿದ್ದು ಬೆಳಿಗ್ಗೆ. ನಿಮ್ಮ ಕರುವಿನ ಬಾಯಿಗೆ ಬಂದದ್ದು ಮಧ್ಯಾಹ್ನ. ನಾನು ಅರೆದದ್ದನ್ನ ಹಾಕಿದ್ದರೆ ಈಗ ಏನಾಗುತ್ತಿತ್ತು, ನೀವೇ ಹೇಳಿ."

ಗೌಡರು ಕರುವಿನ ಮೂತಿಯನ್ನು ನೆಕ್ಕುತ್ತಲೇ ಇದ್ದರು. ಆಚೆ ದಡದಿಂದ ಜಡೆಯಜ್ಜ ಕೈ ಎತ್ತಿ, ನಮ್ಮ ಹತ್ತಿರ ಬಂದು ಸುದ್ದಿ ಕೊಟ್ಟ ನರಿ ಅವನೇ ಎಂದು ಕೆಂಚಪ್ಪನನ್ನು ತೋರಿಸಿದ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಕೆಂಚಪ್ಪ ಹಲ್ಲು ಕಿರಿದ. ನನ್ನ ಮೈ ಮುಟ್ಟಿದರೆ ಇಡೀ ಗುಡ್ಡೆಯನ್ನೇ ಮಡುವಿಗೆ ದೂಡಿಬಿಡುತ್ತೇನೆ ಎಂದು ಗವಿಯ ಕಡೆ ಓಡಿದ.

ಓಡಿದ ಎಂದೆನಲ್ಲ, ಓಡಲು ಹೋದ. ಆರು ತಿಂಗಳು ಆ ಪುಡಿಯ ಮೇಲೆ ಮಲಗಿದ್ದನಲ್ಲ, ಅದು ಚರ್ಮದೊಳಗೆ ಇಳಿದಿತ್ತು. ಕೆಲವು ದಿನಗಳಿಂದ ಕಾಲು ಜೋಮು ಹಿಡಿಯುತ್ತಿತ್ತು, ಅವನು ಯಾರಿಗೂ ಹೇಳಿರಲಿಲ್ಲ. ಕಾವಲುಗಾರನಿಗೇ ಕಾಲಿಲ್ಲ ಎಂದರೆ ಯಾರು ಹೆದರುತ್ತಾರೆ? ಗವಿಯ ಬಾಯಿ ಮುಟ್ಟುವಷ್ಟರಲ್ಲಿ ನಾಲ್ಕೂ ಕಾಲು ಕೈಕೊಟ್ಟವು. ದಬ್ಬನೆ ಬಿದ್ದ. ಬಿದ್ದ ರಭಸಕ್ಕೆ ಬಾಲದ ಕೂದಲು ಗೊಂಚಲು ಗೊಂಚಲಾಗಿ ಉದುರಿತು. ನಾಲಿಗೆ ಹೊರಗೆ ಬಂತು.

ಸಾಯಲಿ ಬಿಡಿ, ಮಾಡಿದ್ದನ್ನು ಉಣ್ಣಲಿ ಎಂದು ಹಲವರು ಕೂಗಿದರು. ಮುಳ್ಳಕ್ಕ ಕೇಳಿಸಿಕೊಳ್ಳಲಿಲ್ಲ. ಗರಿಕೆ ಕಿತ್ತು ಜಗಿಯುತ್ತ ಬಂದು ಅವನ ತಲೆಯನ್ನು ಎತ್ತಿ ಹಿಡಿದಳು. ಇವನ ಮೈಯೊಳಗೆ ಇಳಿದದ್ದೂ ನಾನು ಅರೆದದ್ದೇ ಎಂದಳು. ಕೆಂಚಪ್ಪ ಬದುಕಿದ. ಆದರೆ ಬಾಲ ಹಗ್ಗದ ಹಾಗೆ ಬೋಳಾಯಿತು. ಯಾರೂ ಅವನಿಗೆ ಹೆದರಲಿಲ್ಲ, ಯಾರೂ ಏಡಿ ತಂದಿಡಲಿಲ್ಲ. ಹೊಟ್ಟೆ ಹಸಿದಾಗ ಅವನು ಕುಂಟುತ್ತ ಕುಂಟುತ್ತ ತಾನೇ ಏಡಿ ಹಿಡಿಯಲು ಹೋಗಬೇಕಾಯಿತು. ಎದುರಾದವರು ಹೇಗಿದ್ದೀಯಪ್ಪ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದ.

ಗುಡ್ಡೆಗಳನ್ನು ಏನು ಮಾಡುವುದು? ನೀರಿಗೆ ಚೆಲ್ಲುವಂತಿಲ್ಲ. ಸುಟ್ಟರೆ ಹೊಗೆಯೂ ವಿಷ. ಎರಡೂ ದಡದವರು ಕೂತು ಜಗಳವಾಡಿದರು, ಎದ್ದು ಹೋದರು, ಮತ್ತೆ ಬಂದು ಕೂತರು. ಕೊನೆಗೆ ನೀರು ಮುಟ್ಟದ ಎತ್ತರದ ಬಂಡೆಯ ಪೊಟರೆಗೆ ಎರಡೂ ಗುಡ್ಡೆ ಹಾಕಿ, ಮೇಲೆ ಒಂದು ಚಪ್ಪಡಿ ಎಳೆದರು. ಈಚೆಯ ಕಾಟಿ ಒಂದೇ ದೂಡಿದರೆ ಅದು ಕದಲದು. ಆಚೆಯ ಕರಡಿ ಒಂದೇ ದೂಡಿದರೂ ಕದಲದು. ಕಜ್ಜಿಯ ಮದ್ದಿಗೆ ಕಾಯಿ ಕೀಳುವುದಾದರೆ ಇನ್ನೊಂದು ದಡದವರೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಪ್ರತಿ ಹುಣ್ಣಿಮೆಯ ಮರುದಿನ ಜಡೆಯಜ್ಜ ಈಚೆಯ ಗವಿಗಳನ್ನು ಇಣುಕಿ ನೋಡುವನು, ಮುಳ್ಳಕ್ಕ ಆಚೆಯ ಗವಿಗಳನ್ನು ಇಣುಕಿ ನೋಡುವಳು. ಅನುಮಾನ ಒಂದೇ ದಿನಕ್ಕೆ ಹೋಗಲಿಲ್ಲ. ಕೆನ್ನಾಯಿಗಳು ಗುರ್ ಎನ್ನುತ್ತಿದ್ದವು, ಕಾಟಿಗಳು ಕೊಂಬು ಆಡಿಸುತ್ತಿದ್ದವು. ಆದರೂ ಇಣುಕುವುದನ್ನು ಯಾರೂ ನಿಲ್ಲಿಸಲಿಲ್ಲ.

ಒಂದು ದಿನ ಗೌಡರು ಎರಡೂ ದಡದವರನ್ನು ಕೂಡಿಸಿ ಮುಳ್ಳಕ್ಕನನ್ನು ಹೊಗಳಲು ನಿಂತರು. ಹೊನ್ನಿ ತನ್ನ ಮೂರೂ ಮರಿಗಳನ್ನು ಮುಂದೆ ಕೂರಿಸಿಕೊಂಡಿದ್ದಳು. ಮಡುವನ್ನು ಉಳಿಸಿದ ಮಹಾತಾಯಿ, ನಮ್ಮ ಮಕ್ಕಳು ಮೊಮ್ಮಕ್ಕಳಿಗೆ ಇವಳ ಕಥೆ ಹೇಳಬೇಕು ಎಂದು ಗೌಡರು ಬಾಯಿತುಂಬ ಹೇಳಿದರು. ಮುಳ್ಳಕ್ಕ ಎದ್ದು ನಿಂತಳು. ಅವಳ ಅಂಗೈ ಇನ್ನೂ ಪೂರ್ತಿ ಮಾಗಿರಲಿಲ್ಲ.

"ಹೇಳಿ ಗೌಡರೇ, ಬೇಡ ಅನ್ನೋಲ್ಲ. ಆದರೆ ಉಳಿಸಿದವಳು ಅಂತ ಶುರುಮಾಡಬೇಡಿ. ಅರೆದವಳು ನಾನೇ, ಅದನ್ನ ಮೊದಲು ಹೇಳಿ. ಕಾಯಿಯ ಗುಣ ಗೊತ್ತಾದ ಮೇಲೆ ಇನ್ನು ಮರೆಯೋಕೆ ಆಗೋಲ್ಲ. ನಾಳೆ ಯಾರೋ ಒಬ್ಬ ಬುದ್ಧಿವಂತ ಮರಿ ಮತ್ತೆ ಕಲ್ಲಿನ ಮುಂದೆ ಕೂರುತ್ತೆ. ಅರೆಯೋ ಮೊದಲು, ಇದು ಯಾರ ಬಾಯಿಗೆ ಹೋಗುತ್ತೆ ಅಂತ ಅದು ಕೇಳಲಿ. ನಾನು ಕೇಳಲಿಲ್ಲ."

ಅವಳು ಕೂತಳು. ಹೊನ್ನಿ ಎದ್ದು ಬಂದು ಗೆಳತಿಯ ಪಕ್ಕದಲ್ಲಿ, ಮುಳ್ಳು ಚುಚ್ಚಿದರೂ ಸರಿಯೆಂದು, ಒತ್ತಿಕೊಂಡು ಕೂತಳು. ಆ ಕಾಡಿನಲ್ಲಿ ಇವತ್ತಿಗೂ ಈ ಕಥೆಯನ್ನು ಮುಳ್ಳಕ್ಕ ಹೇಳಿದ ಹಾಗೆಯೇ, ಅವಳು ಅರೆದಳು ಎಂಬಲ್ಲಿಂದಲೇ ಶುರುಮಾಡುತ್ತಾರೆ.

ನೀತಿ: ತನ್ನ ವಿದ್ಯೆಯಿಂದ ಹುಟ್ಟಿದ್ದು ಯಾರ ಕೈಗೆ ಹೋಗಿ ಏನು ಮಾಡುತ್ತದೆ ಎಂದು ಮೊದಲೇ ಕೇಳುವುದು ತಿಳಿದವರ ಹೊಣೆ, ಎಲ್ಲರನ್ನೂ ಕೊಲ್ಲಬಲ್ಲದ್ದನ್ನು ಒಬ್ಬರ ಕಾವಲಿಗೆ ಬಿಡದೆ ಎಲ್ಲರೂ ಸೇರಿ ಕಟ್ಟಿಡಬೇಕು.